ಮಾವನ ಇಂಜಿನ್ನಿನ ಮಾರ್ಕರ್ ಲ್ಯಾಂಪು

ನನ್ನ ಮಾವ ಷಣ್ಮುಖಪ್ಪನವರ ಬಾಯಲ್ಲಿ ಹೊಗಳಿಕೆಗೆ ಇರುವುದು ಒಂದೇ ಮಾತು: ಪರವಾಗಿಲ್ಲ. ನನಗೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಾಗ ಪರವಾಗಿಲ್ಲ ಅಂದರು. ಶಿವಮೊಗ್ಗದ ನವುಲೆಯಲ್ಲಿ ಮನೆ ಕಟ್ಟಿ ಗೃಹಪ್ರವೇಶದ ಊಟ ಹಾಕಿದಾಗಲೂ ಪರವಾಗಿಲ್ಲ. ಮೊಮ್ಮಗಳು ಅಮೂಲ್ಯ ಜಿಲ್ಲೆಗೇ ಆರನೆಯವಳಾಗಿ ಪಾಸಾದಾಗ ಸ್ವಲ್ಪ ಯೋಚಿಸಿ, ಪರವಾಗಿಲ್ಲ, ಇನ್ನೂ ಐದು ಜನ ಮುಂದಿದ್ದಾರೆ ಅಂದರು. ಇಪ್ಪತ್ತಾರು ವರ್ಷ ಇದನ್ನೇ ಕೇಳಿ ಕೇಳಿ ನನಗೆ ಹಠ ಹುಟ್ಟಿತು. ಸಾಯುವುದರೊಳಗೆ, ಅವರಾಗಲಿ ನಾನಾಗಲಿ, ಈ ಮನುಷ್ಯನ ಬಾಯಿಂದ ಒಂದು ಸಲ ಭೇಷ್ ಅನ್ನಿಸಿಕೊಳ್ಳಲೇಬೇಕು.

ಮಾವ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಡೀಸೆಲ್ ಇಂಜಿನ್ ಓಡಿಸಿದವರು. ವ್ಯಾಗನ್ನುಗಳನ್ನು ಒಳಗೆ ಎಳೆಯುವುದು, ಹೊರಗೆ ತಳ್ಳುವುದು, ಅಷ್ಟೇ ಅದರ ಕೆಲಸ. ಆ ಇಂಜಿನ್ನು ಗುಜರಿಗೆ ಹೋಗಿ ಬಹಳ ವರ್ಷವಾಯಿತು. ನನಗೋ ರೈಲಿನ ಮಾದರಿ ಮಾಡುವ ಹುಚ್ಚು. ಅದೇ ಇಂಜಿನ್ನನ್ನು ಎಂಬತ್ತೇಳನೇ ಒಂದರಷ್ಟು ಅಳತೆಯಲ್ಲಿ, ಒಂದು ರಿವೆಟ್ಟೂ ಹೆಚ್ಚು ಕಡಿಮೆಯಾಗದಂತೆ ಮಾಡಿ, ಆಯುಧಪೂಜೆಯ ದಿನ ಅವರ ಮುಂದೆ ಇಡುವುದೆಂದು ತೀರ್ಮಾನಿಸಿದೆ.

ತೊಂದರೆ ಇದ್ದದ್ದು ಫೋಟೊದ್ದು. ದುಡಿಯುವ ಇಂಜಿನ್ನಿನ ಫೋಟೊ ಯಾರು ತೆಗೆಯುತ್ತಾರೆ? ನನ್ನ ಹೆಂಡತಿ ಜಗದಾಂಬಾ ತವರಿನಿಂದ ಗುಟ್ಟಾಗಿ ತಂದುಕೊಟ್ಟ ಒಂದೇ ಒಂದು ಫೋಟೊ ಕೂಡ ಆಯುಧಪೂಜೆಯ ದಿನದ್ದು. ಬಣ್ಣ ಮಾಸಿತ್ತು. ಮೈತುಂಬ ಚೆಂಡುಹೂವು, ಎರಡು ಕಡೆ ಬಾಳೆಕಂದು, ಮುಂಭಾಗಕ್ಕೆ ಮೂರು ಪಟ್ಟೆ ವಿಭೂತಿ. ನಾನೇನು ದಡ್ಡನಲ್ಲ. ಹೂವು, ಬಾಳೆ, ವಿಭೂತಿ ಎಲ್ಲವನ್ನೂ ಕಳೆದು, ಉಳಿದದ್ದೇ ಇಂಜಿನ್ನು ಎಂದು ಲೆಕ್ಕ ಹಾಕಿದೆ. ಹಾಗೆ ಉಳಿದದ್ದರಲ್ಲಿ, ಮುಂದುಗಡೆ ವ್ಯಾಗನ್ನಿಗೆ ತಾಗುವ ಎರಡು ಬಫರುಗಳ ಮೇಲೆ ಒಂದೊಂದು ದುಂಡನೆಯ ಮಾರ್ಕರ್ ಲ್ಯಾಂಪು, ಅಂದರೆ ಇಂಜಿನ್ನು ಬರುತ್ತಿದೆ ಎಂದು ದೂರಕ್ಕೆ ತೋರಿಸುವ ದೀಪ, ಕಂಡವು. ಬಿಳಿ ಅಂಚು, ಒಳಗೆ ಕೆಂಪು ಗಾಜು.

ಫಾರಿನ್ನಿನಿಂದ ಒಂದು ಮಾದರಿ ಇಂಜಿನ್ನು ತರಿಸಿ, ಚಕ್ರ ಮತ್ತು ಮೋಟಾರು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಯ್ದು ಬಿಸಾಡಿದೆ. ಹೊಸದನ್ನು ತರಿಸಿ ಕೊಯ್ಯುವ ಗಂಡಸನ್ನು ತಾನು ಇದೇ ಮೊದಲು ನೋಡಿದ್ದು ಎಂದು ಜಗದಾಂಬಾ ಹೇಳಿದಳು. ಮೈಯನ್ನು ಪ್ಲಾಸ್ಟಿಕ್ ಶೀಟಿನಿಂದ ಕತ್ತರಿಸಿ ಅಂಟಿಸಿದೆ. ಖಾಲಿ ಬಾಲ್‌ಪೆನ್ನಿನ ಮೊನೆಯಿಂದ ಹಿಂಬದಿಯಲ್ಲಿ ಒತ್ತಿ ಒತ್ತಿ ನಾನೂರ ಹನ್ನೆರಡು ರಿವೆಟ್ಟು ಎಬ್ಬಿಸಿದೆ. ರೇಡಿಯೇಟರಿನ ಜಾಲರಿಗೆ ಟೀ ಸೋಸುವ ಜರಡಿ ಹೋಯಿತು, ಕೈಹಿಡಿಗೆ ಅವಳ ಬ್ಲೌಸಿನ ಹುಕ್ಕುಗಳು ಹೋದವು. ಮಾರ್ಕರ್ ಲ್ಯಾಂಪಿಗೇ ಮೂರು ವಾರ ಹಿಡಿಯಿತು. ಸಾಸಿವೆ ಕಾಳಿನಷ್ಟು ದೊಡ್ಡ ಬಲ್ಬು, ಕೂದಲಿನಂಥ ತಂತಿ. ಆ ಮೂರು ವಾರ ಮನೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಯಾರೂ ಸೀನುವಂತಿರಲಿಲ್ಲ.

ಹಬ್ಬದ ದಿನ ಭದ್ರಾವತಿಯ ಜನ್ನಾಪುರದಲ್ಲಿರುವ ಮಾವನ ಮನೆಗೆ ಹೋದೆವು. ಪೂಜೆ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚಿ ಟೀಪಾಯಿಯ ಮೇಲೆ ಎರಡು ಮೊಳ ಹಳಿ ಹಾಸಿ ಇಂಜಿನ್ನು ಇಟ್ಟೆ. ಮಾವ ಕನ್ನಡಕ ಒರೆಸಿಕೊಂಡು ಬಗ್ಗಿದರು. ಮೆಟ್ಟಿಲು ಎಣಿಸಿದರು, ಹಾರ್ನ್ ನೋಡಿದರು, ಬಾಗಿಲಿನ ಚಿಲಕ ನೋಡಿದರು. ಅವರ ಬೆರಳು ಮುಂದಿನ ಬಫರಿನ ಹತ್ತಿರ ಬಂದು ನಿಂತಿತು.

“ಕುಂಬಳಕಾಯೀನೂ ಬಿಟ್ಟಿಲ್ವಲ್ರೀ,” ಅಂದರು. “ದೃಷ್ಟಿಗೆ ಒಡೆದು ಕುಂಕುಮ ಹಚ್ಚಿ ಎರಡು ಹೋಳು ಇಡ್ತಿದ್ದೆ ನೋಡಿ, ಅದೇ. ಭೇಷ್ ಅಳಿಯಂದಿರೇ, ಭೇಷ್.”

ಇಪ್ಪತ್ತಾರು ವರ್ಷ ಕಾದ ಮಾತು ಬಂದೇ ಬಿಟ್ಟಿತು, ಅದೂ ಎರಡು ಸಲ, ಆದರೆ ಬೂದುಗುಂಬಳಕಾಯಿಗೆ. ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರ ಬರೆದ ಹುಡುಗರಿಗೆ ನಾನು ಯಾವತ್ತೂ ಅಂಕ ಕೊಟ್ಟವನಲ್ಲ. ಆವತ್ತು ನನಗೆ ಬಂದ ಅಂಕವನ್ನು ಮಾತ್ರ ಬೆಪ್ಪನಂತೆ ನಗುತ್ತ ಇಟ್ಟುಕೊಂಡೆ. ಮೂರು ವಾರ ಸೀನು ತಡೆದುಕೊಂಡಿದ್ದ ಜಗದಾಂಬಾ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋದಳು.

ಅಷ್ಟಕ್ಕೇ ನಿಂತಿದ್ದರೆ ನಾನು ಗೆದ್ದಿದ್ದೆ. ಮಾವ ಪಕ್ಕದಲ್ಲಿದ್ದ, ಹಳಿಗೆ ಕರೆಂಟು ಕೊಡುವ ಸ್ವಿಚ್ಚು ನೋಡಿ ಒತ್ತಿಬಿಟ್ಟರು. ಇಂಜಿನ್ನು ಗುರ್ರೆಂದು ಒಂದು ಗೇಣು ಮುಂದೆ ಬಂತು. ಎರಡು ಕುಂಬಳಕಾಯಿಯೂ ಕೆಂಪಗೆ ಹತ್ತಿಕೊಂಡವು.

ಮಾವ ಕುಂಬಳಕಾಯಿ ನೋಡಿದರು, ನನ್ನನ್ನು ನೋಡಿದರು. ಅಡುಗೆಮನೆಯ ಬಾಗಿಲಿಗೆ ಬಂದ ಜಗದಾಂಬಾ, ಅದು ಕರ್ಪೂರ ಅಪ್ಪಾಜಿ ಎಂದು ಗಂಡನ ಮಾನ ಕಾಯಲು ನೋಡಿದಳು. ಒಡೆದ ಮೇಲೆ ಯಾರಮ್ಮ ಕರ್ಪೂರ ಹಚ್ಚುತ್ತಾರೆ ಎಂದು ಮಾವ ಕೇಳಿದರು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಅದನ್ನು ದೀಪ ಅಂದುಕೊಂಡಿದ್ದೆ, ತಪ್ಪಾಯಿತು, ಈಗಲೇ ಕಿತ್ತು ಹಾಕುತ್ತೇನೆ ಎಂದು ಪೆಟ್ಟಿಗೆಯಲ್ಲಿದ್ದ ಬ್ಲೇಡಿಗೆ ಕೈ ಹಾಕಿದೆ.

ಮಾವ ನನ್ನ ಕೈ ಹಿಡಿದುಕೊಂಡರು.

“ಮುಟ್ಬೇಡಿ. ಚಳಿಗಾಲದಲ್ಲಿ ಬೆಳಗಿನ ಶಿಫ್ಟ್‌ಗೆ ಜನ ಮಂಜಲ್ಲೇ ಹಳಿ ದಾಟೋರು. ಇಂಜಿನ್ ಕಾಣ್ತಿರ್ಲಿಲ್ಲ. ಮುಂದುಗಡೆ ಎರಡು ಕೆಂಪು ದೀಪ ಕೊಡಿ ಅಂತ ಹತ್ತೊಂಬತ್ತು ಅರ್ಜಿ ಹಾಕ್ದೆ, ಕೊಡ್ಲಿಲ್ಲ. ಸಾಹೇಬ್ರ ಕಣ್ಣಿಗಾದ್ರೂ ಬೀಳ್ಲಿ ಅಂತ ವರ್ಷಾ ವರ್ಷ ಅದೇ ಜಾಗದಲ್ಲಿ ಕುಂಬಳಕಾಯಿ ಇಡ್ತಿದ್ದೆ. ಅವ್ರು ಬಂದು ಕೈ ಮುಗಿದು, ಪ್ರಸಾದ ತಗೊಂಡು ಹೋಗೋರು.” ಉರಿಯುತ್ತಿದ್ದ ದೀಪದ ಕಡೆ ಬೆರಳು ತೋರಿಸಿ ಹೇಳಿದರು, “ಅದು ದೀಪ ಅಂತ ಕಂಡಿದ್ದು ನಿಮಗೊಬ್ರಿಗೇ ನೋಡಿ.”

ಮಾವ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ, ಊದುಬತ್ತಿಯ ಹೊಗೆ ತುಂಬಿದ ಆ ಕೋಣೆಯ ಇನ್ನೊಂದು ತುದಿಯಲ್ಲಿ ಬಾಗಿಲಿಗೆ ಒರಗಿ ನಿಂತರು. ಅಲ್ಲಿಂದಲೇ ಕೈ ಬೀಸಿ, ಇಂಜಿನ್ನು ಬಿಡಿ, ಕಾಣುತ್ತದೋ ನೋಡುತ್ತೇನೆ ಅಂದರು.

ಬಿಟ್ಟೆ. ಕಾಣಿಸಿತಂತೆ.