ಕೊಸರು ಒಲ್ಲದ ಇಲ್ಸಮ್ಮ

ಲಿಂಗಸುಗೂರಿನ ವಾರದ ಸಂತೆಯಲ್ಲಿ ಸೇರು ತುಂಬ ಜೋಳ ಅಳೆದುಕೊಟ್ಟ ಮೇಲೆ, ಮಾರುವವರು ತಾವಾಗಿಯೇ ಇನ್ನೊಂದು ಬೊಗಸೆ ಎತ್ತಿ ಚೀಲಕ್ಕೆ ಹಾಕುವ ಕೊಸರನ್ನು ಹಿಂದಕ್ಕೆ ರಾಶಿಗೆ ಸುರಿದು ಬರುತ್ತಿದ್ದವಳು, ನಾನು ಕಂಡಂತೆ, ಇಲ್ಸಮ್ಮ ಒಬ್ಬಳೇ. ಕೊಸರು ಕಡಿಮೆಯಾಯಿತೆಂದು ಜಗಳ ತೆಗೆಯುವವರನ್ನು ನೋಡಿದ್ದೆ. ಕೊಸರಿನ ಮೇಲೊಂದು ಕೊಸರು ಕೇಳಿ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಈಕೆಯೋ, ಚೀಲದ ಬಾಯಿಗೆ ಬಗ್ಗಿ, ಬಿದ್ದಷ್ಟನ್ನೇ ಎರಡೂ ಕೈಯಿಂದ ಎತ್ತಿ ಹಾಕಿ, ಅಂಗೈಗೆ ಅಂಟಿದ ಕಾಳನ್ನೂ ಕೊಡವಿ, "ಸರಿ ಐತ್ರಿ?" ಎಂದು ಕೇಳಿ, ಹಿಂದಿನಿಂದ ಯಾರೋ ಹಿಡಿದು ನಿಲ್ಲಿಸುತ್ತಾರೇನೋ ಎಂಬಂತೆ ದಾಪುಗಾಲು ಹಾಕುತ್ತ ಹೊರಟುಬಿಡುತ್ತಿದ್ದಳು.

ಆಕೆಯ ಮೂಲ ಹೆಸರು ಇಲ್ಸೆ. ಊರ ಬಾಯಲ್ಲಿ ಇಲ್ಸಮ್ಮನಾದಳು. ಜರ್ಮನಿಯ ಯಹೂದಿ. ಅಲ್ಲಿ ತನ್ನ ಜನಕ್ಕೆ ಬದುಕು ದುಸ್ತರವಾದಾಗ ಗಂಡನೊಡನೆ ಹಡಗು ಹತ್ತಿ ಮುಂಬಯಿಗೆ ಬಂದಳು. ನಿಜಾಮರ ಸೀಮೆಯ ನಮ್ಮೂರಿನ ಹತ್ತಿ ಜಿನ್ನಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು. ಆದರೆ ವರ್ಷ ತುಂಬುವ ಮೊದಲೇ ಚಳಿಜ್ವರ ಆ ಪುಣ್ಯಾತ್ಮನನ್ನು ಕೊಂಡೊಯ್ದಿತು. ಊರ ಹೊರಗೆ ಅವನನ್ನು ಮಣ್ಣು ಮಾಡಿದೆವು. ಆ ಮಣ್ಣನ್ನು ಬಿಟ್ಟು ಎಲ್ಲಿಗೂ ಹೋಗಲಾರೆನೆಂದು ಆಕೆ ಇಲ್ಲೇ ನಿಂತಳು. ಗಂಡಸು ದರ್ಜಿಗೆ ಅಳತೆ ಕೊಡಲಾಗದ ಪರದೆಯೊಳಗಿನ ಹೆಂಗಸರಿಗೆ ಬಟ್ಟೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ನಾನು ಪಕ್ಕದ ಮನೆಯ ಶಾಲಾ ಮಾಸ್ತರ, ಆಕೆಗೆ ಅಷ್ಟಿಷ್ಟು ಕನ್ನಡ ಕಲಿಸಿದವನು.

ನಮ್ಮ ಕಡೆ ಜೀವನ ಅಗ್ಗವೆಂದು ಆಕೆಗೆ ಯಾರೋ ಹೇಳಿ ಕಳಿಸಿದ್ದರಂತೆ. ಹೇಳಿದವರು ಬಿಳಿ ಮೈಬಣ್ಣ ಹೊತ್ತು ನಮ್ಮ ಸಂತೆಯಲ್ಲಿ ಒಮ್ಮೆಯೂ ತಿರುಗಿರಲಿಕ್ಕಿಲ್ಲ. ಆಕೆಯ ಮುಖ ಕಂಡೊಡನೆ ಸೌದೆಯ ಬೆಲೆ ಏರುತ್ತಿತ್ತು, ಹಾಲಿನದು ದುಪ್ಪಟ್ಟಾಗುತ್ತಿತ್ತು. ಬ್ರಿಟಿಷ್ ಸೀಮೆಯಿಂದ ತಂದ ಕಲ್ದಾರ್ ರೂಪಾಯಿಯನ್ನು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಕ್ಕೆ ಬದಲಿಸಹೋದರೆ ಸಾಹುಕಾರನೂ ತನ್ನ ಪಾಲು ಮುರಿದುಕೊಳ್ಳುತ್ತಿದ್ದ. ಇದಕ್ಕೆಲ್ಲ ಆಕೆ ತುಟಿಪಿಟಕ್ಕೆನ್ನಲಿಲ್ಲ. ಆಕೆಗೆ ತಡೆದುಕೊಳ್ಳಲಾಗದಿದ್ದದ್ದು ಪುಕ್ಕಟೆ ಸಿಕ್ಕಿದ್ದು ಮಾತ್ರ. ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದರೆ ಲೋಟ ಕೆಳಗಿಡುವ ಮೊದಲೇ, "ಎಷ್ಟಾತ್ರಿ?" ನನ್ನ ಹೆಂಡತಿ ಕಸ್ತೂರೆಮ್ಮ ಮೊದಲು ನಕ್ಕಳು, ಆಮೇಲೆ ಮುಖ ಗಂಟಿಕ್ಕಿದಳು, ಕೊನೆಗೆ ಮಜ್ಜಿಗೆ ಕೊಡುವುದನ್ನೇ ಬಿಟ್ಟಳು. ನನಗೂ ಮೈ ಉರಿಯುತ್ತಿತ್ತು. ಇಷ್ಟೊಂದು ಬಿಗುಮಾನ ಯಾಕೆ ಎಂದು ಒಮ್ಮೆ ಕೇಳಿಯೂ ಬಿಟ್ಟೆ. "ನಂದಲ್ಲ ಅದು" ಎಂದಳು, ಅಷ್ಟೇ.

ಜಗಳ ಹತ್ತಿಕೊಂಡದ್ದು ಅಮರಮ್ಮನ ರಾಶಿಯ ಹತ್ತಿರ. ಮಸ್ಕಿಯಿಂದ ಬಂಡಿಯಲ್ಲಿ ಜೋಳ ತಂದು ಮಾರುತ್ತಿದ್ದ ಅಮರಮ್ಮ ಸ್ವಂತ ಮನೆ, ಸ್ವಂತ ಹೊಲ ಉಳ್ಳವಳು. ಯಾರ ಮುಲಾಜಿಗೂ ಬಗ್ಗದ ಜಾಯಮಾನ. ತಾನು ಹಾಕಿದ ಬೊಗಸೆ ತನ್ನ ರಾಶಿಗೇ ಮರಳಿ ಬಿದ್ದದ್ದನ್ನು ಕಂಡು ನನ್ನನ್ನು ಕೂಗಿ ಕರೆದಳು.

"ಮಾಸ್ತರ, ನಿಮ್ಮ ದೊರಸಾನಿಗಿ ಹೇಳ್ರಿ. ಕೊಸರು ಹೊಳ್ಳಿ ಹಾಕಿದ್ರ ನಿನ್ನ ಋಣ ಒಲ್ಲೆ ಅಂದಂಗ. ನನ್ನ ಕೈಗೇನು ಹುಳ ಹತ್ಯಾವೇನು?"

ಅಳೆದದ್ದು ದುಡ್ಡಿನ ಲೆಕ್ಕ, ಕೊಸರು ಮನುಷ್ಯರ ಲೆಕ್ಕ ಎಂಬ ನಮ್ಮ ಸಂತೆಯ ರಿವಾಜನ್ನು ನಾನು ಇಲ್ಸಮ್ಮನಿಗೆ ಎಷ್ಟು ಬಿಡಿಸಿ ಹೇಳಿದರೂ ಆಕೆ ತಲೆ ಅಲ್ಲಾಡಿಸಿದಳೇ ಹೊರತು ಕೈ ನಿಲ್ಲಿಸಲಿಲ್ಲ. ಅಮರಮ್ಮ ಆಕೆಗೆ ಜೋಳ ಅಳೆಯುವುದನ್ನು ನಿಲ್ಲಿಸಿದಳು. ಸಾಲಿನ ಉಳಿದವರೂ ಒಬ್ಬೊಬ್ಬರಾಗಿ ಮುಖ ತಿರುವಿದರು.

ಅಷ್ಟರಲ್ಲಿ ಯುದ್ಧ ಸುರುವಾಯಿತು. ಜರ್ಮನಿಯಿಂದ ಬಂದವರೆಲ್ಲ, ಓಡಿಬಂದವರಿರಲಿ ಓಡಿಸಿದವರಿರಲಿ, ವೈರಿ ದೇಶದವರೆಂದು ಹುಕುಂ ಬಂತು. ತಾಲೂಕಿನ ಆಸ್ತಿವಂತರೊಬ್ಬರು ಜಾಮೀನು ನಿಂತರೆ ಇರಬಹುದು. ಇಲ್ಲವಾದರೆ ಮರುದಿನವೇ ದೂರದ ಬಂದಿಖಾನೆ ಶಿಬಿರಕ್ಕೆ. ಸಂತೆಯ ದಿನ ಮಧ್ಯಾಹ್ನ ಪೊಲೀಸ್ ಅಮೀನರು ಆಕೆಯನ್ನು ಠಾಣೆಗೆ ಕರೆಸಿದರು. ಸರ್ಕಾರಿ ಸಂಬಳದವನ ಜಾಮೀನು ನಡೆಯುವುದಿಲ್ಲವೆಂದು ನನ್ನನ್ನು ಮೊದಲೇ ಪಕ್ಕಕ್ಕಿಟ್ಟರು. ಆಕೆ ಬಟ್ಟೆ ಹೊಲಿದುಕೊಟ್ಟ ದೊಡ್ಡ ಮನೆಗಳಿಂದ ಒಬ್ಬರೂ ಬರಲಿಲ್ಲ.

"ಸಾಹೇಬ್ರ, ಈಕಿದು ಊರಾಗ ಯಾರಿಗೂ ಏನೂ ಕೊಡೋದು ಬಾಕಿ ಇಲ್ರಿ, ಯಾರ ಹಂಗೂ ಇಲ್ಲ" ಎಂದೆ, ಅದೇ ದೊಡ್ಡ ಶಿಫಾರಸೆಂದು ನಂಬಿ.

ಅಮೀನರು ಕನ್ನಡಕ ತೆಗೆದರು. "ಅದಕ್ಕ ನೋಡ್ರಿ ಮಾಸ್ತರ, ಈಕಿ ಸಲುವಾಗಿ ಯಾರೂ ಬಂದಿಲ್ಲ."

 ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತ ಇಲ್ಸಮ್ಮ, ತನ್ನನ್ನು ಕಳಿಸಿದರೆ ಗಂಡನ ಸಮಾಧಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಮೆಲ್ಲಗೆ ಕೇಳಿದಳು. ನಾನು ಎದ್ದು ಸಂತೆಗೆ ಓಡಿದೆ. ಹೊಲಮನೆ ಉಳ್ಳ ಅಮರಮ್ಮನ ಮುಂದೆ ನಿಂತು ಏನೇನು ಬಡಬಡಿಸಿದೆನೋ ನನಗೇ ಗೊತ್ತಿಲ್ಲ. ಆಕೆ ರಾಶಿಯ ಮೇಲೆ ಗೋಣಿ ಹೊದಿಸಿ, ಸೆರಗು ಬಿಗಿದು ನನ್ನ ಹಿಂದೆ ಬಂದಳು.

ಠಾಣೆಯಲ್ಲಿ ನಿಂತುಕೊಂಡೇ ಅಮೀನರಿಗೆ ಹೇಳಿದಳು: "ನನ್ನ ಕೈಯಿಂದ ಒಂದು ಬೊಗಸಿ ಕಾಳು ಒಲ್ಲೆ ಅಂದಾಕಿರೀ ಈಕಿ. ಯಾಕ ಒಲ್ಲೆ ಅಂದ್ಳು ಅಂತ ಮೊದಲ ಕೇಳ್ರಿ. ಆಮ್ಯಾಲ ಜಾಮೀನಿನ ಮಾತು."

ಎಲ್ಲರ ಕಣ್ಣು ಇಲ್ಸಮ್ಮನ ಮೇಲೆ ಬಿತ್ತು. ಆಕೆ ಮಾತು ಹುಡುಕುತ್ತಿದ್ದಳು. ನಾನು ಕಲಿಸಿದ ಕನ್ನಡ ಇಂಥ ಹೊತ್ತಿಗೆ ಸಾಲುವಂಥದ್ದಾಗಿರಲಿಲ್ಲ.

"ನಮ್ಮ ಊರಾಗ ನಮ್ಮದು ಅಂಗಡಿ ಇತ್ತು. ನೀವು ಯಹೂದಿ, ಎಲ್ಲಾರದೂ ಹೆಚ್ಚು ತಗೋತೀರಿ ಅಂದ್ರು. ಬಾಜೂ ಮನಿ ಮಂದಿನೇ ಅಂದ್ರು. ಅಂಗಡಿ ಒಡದ್ರು. ನನ್ನ ಗಂಡಗ ಹೊಡದ್ರು. ಈಗ ಒಂದು ಕಾಳು ಹೆಚ್ಚು ಬಂದ್ರ... ಯಾರೋ ನೋಡಾಕತ್ತಾರ ಅನಿಸ್ತದ. ಅಮರಮ್ಮ, ನಿಮ್ಮ ಕೈ ಚಲೋ. ಹೆದರಿಕಿ ನಂದು."

 ಅಮರಮ್ಮ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗನ್ನು ಮತ್ತೆ ಬಿಗಿದಳು. ಅವಳು ಹೊರಟುಬಿಡುತ್ತಾಳೆಂದೇ ನನಗನಿಸಿತು.

"ಇನ್ನ ಮ್ಯಾಲ ಕೊಸರು ಹಾಕಿದ್ರ ತಗೋತಿಯೇನು, ತಂಗಿ?"

ಇಲ್ಸಮ್ಮ ಒಡನೆ ಹೂಂ ಅನ್ನಲಿಲ್ಲ. ಸುಳ್ಳು ಹೇಳಿಯಾದರೂ ಒಪ್ಪಿಕೊಳ್ಳಬಾರದೇ ಎಂದು ನಾನು ಹಲ್ಲು ಕಚ್ಚಿಕೊಂಡೆ. "ತಗೋತೀನಿ" ಎಂದಳು ಕೊನೆಗೆ. "ಆದ್ರ ಹೆದರಿಕಿ ಹೋಗೋದಿಲ್ಲ."

"ಹೋಗದಿದ್ರ ಇರ್ಲಿ. ಹೆದರಕೋಂತನ ತಗೋ" ಎಂದ ಅಮರಮ್ಮ ಅಮೀನರ ಕಡೆ ತಿರುಗಿದಳು. "ಹೆಬ್ಬೆಟ್ಟು ಎಲ್ಲಿ ಒತ್ತಬೇಕ್ರಿ?"

ಇಲ್ಸಮ್ಮ ಉಳಿದಳು. ಬೊಗಸೆ ಮೇಲೆದ್ದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಚೀಲದ ಬಾಯನ್ನು ಮಾತ್ರ ತೆರೆದು ಹಿಡಿದಿರುತ್ತಿದ್ದಳು. ಮುಂದೆ ನಾನು ನೆಲೆ ತಪ್ಪಿ ಬಂದ ಬಹಳ ಮಂದಿಯನ್ನು ಕಂಡಿದ್ದೇನೆ. ಬಾಡಿಗೆ, ಸೌದೆ, ಕಾಳುಕಡಿ ಎಲ್ಲವನ್ನೂ, ಎಷ್ಟೇ ದುಬಾರಿಯಾಗಲಿ, ಅರೆಹೊಟ್ಟೆ ಉಂಡಾದರೂ ಅವರು ತೂಗಿಸಿಕೊಂಡು ಹೋಗುತ್ತಾರೆ. ಆದರೆ ಇನ್ನೊಬ್ಬರು ಸುಮ್ಮನೆ ಕೊಟ್ಟದ್ದನ್ನು ಹೆದರದೆ ಕೈಯೊಡ್ಡಿ ಪಡೆಯಲಿಕ್ಕೆ ಅವರಿಗೆ ಉಳಿದ ಆಯುಷ್ಯವೆಲ್ಲ ಹಿಡಿಯುತ್ತದೆ; ಕೆಲವರಿಗೆ ಅದೂ ಸಾಲುವುದಿಲ್ಲ.