ಇಲ್ಲಿ ವಾಸವಿಲ್ಲ

"ಡ್ರೇನಲ್ಲಿ ಸಿಕ್ಕಾಕ್ಕೊಂಡಿರೋದು ನಿನ್ನ ಕೂದಲೇ. ನನ್ದು ಇಷ್ಟುದ್ದ ಇಲ್ಲ. ಕೈ ಹಾಕಿ ತೆಗಿ, ಗ್ಲೌಸ್ ವೇಸ್ಟ್ ಮಾಡ್ಬೇಡ," ಎಂದರು ಪದ್ಮಿನಿ, ಬಾತ್‌ರೂಮಿನ ಬಾಗಿಲಲ್ಲಿ ನಿಂತು.

ನಾನು ಮೊಣಕಾಲೂರಿ ಕೈ ಹಾಕಿದೆ. ಮೇಲೆ ಬಂದ ಉಂಡೆಯಲ್ಲಿ ನನ್ನ ಕೂದಲಿತ್ತು, ಅವರದೂ ಇತ್ತು, ಅವರ ಗಂಡ ರಘುನಾಥರ ಗಡ್ಡದ ಚೂರುಗಳೂ ಇದ್ದವು. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಬಿಸಾಡಿದೆ.

ಉಪ್ಸಾಲಾದ ಆ ಮೂರು ಕೋಣೆಯ ಮನೆಯನ್ನು ರಘುನಾಥರು ಒಂದು ವಸತಿ ಕಂಪನಿಯಿಂದ ಬಾಡಿಗೆಗೆ ಹಿಡಿದಿದ್ದರು. ಅದರ ಉಗ್ರಾಣವನ್ನು ಕಂಪನಿಗೆ ತಿಳಿಸದೆ ನನಗೆ ಒಳಬಾಡಿಗೆಗೆ ಕೊಟ್ಟಿದ್ದರು. ಕಿಟಕಿ ಇರಲಿಲ್ಲ. ಹಾಸಿಗೆ ಬಿಚ್ಚಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ನಾನು ಬೆಳಿಗ್ಗೆ ಐದಕ್ಕೆ ಪ್ರಯೋಗಾಲಯಗಳ ನೆಲ ಒರೆಸಿ, ಒಂಬತ್ತಕ್ಕೆ ಅದೇ ಕಟ್ಟಡದಲ್ಲಿ ರಸಾಯನಶಾಸ್ತ್ರದ ತರಗತಿಗೆ ಕೂರುತ್ತಿದ್ದೆ. ಬಾಡಿಗೆಯ ಮೇಲೆ ಈ ಮನೆಯ ನೆಲ, ಬಾತ್‌ರೂಮು, ಇಸ್ತ್ರಿಯೂ ನನ್ನವೇ. ಯಾವ ದಿನ ಯಾವುದು ಎಂದು ರಘುನಾಥರು ಹಸಿರು ಇಂಕಿನಲ್ಲಿ ಇಂಗ್ಲಿಷಿನಲ್ಲಿ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದರು. ಅವರ ಎಚ್ ಅಕ್ಷರ ಕಾಲು ಮುರಿದ ಕುರ್ಚಿಯಂತೆ ಇರುತ್ತಿತ್ತು.

ಬಂದ ದಿನವೇ ಪದ್ಮಿನಿ ಕೇಳಿದ್ದರು. "ನೀರಜಾ ಹೊನ್ನಪ್ಪ ಅಂದ್ರೆ, ಯಾವ ಕಡೆಯವರು?"

"ಗದಗ."

"ಊರಲ್ಲಮ್ಮ."

ನಾನು ಉತ್ತರಿಸಲು ತಡಮಾಡಿದ್ದೇ ಅವರಿಗೆ ಸಾಕಾಯಿತು. ಅಂದಿನಿಂದ ಅಡುಗೆಮನೆಯ ನೆಲವನ್ನು ನಾನು ಒರೆಸಬಹುದಿತ್ತು, ಒಲೆ ಮುಟ್ಟುವಂತಿರಲಿಲ್ಲ. ಅನ್ನದ ಕುಕ್ಕರ್ ನನ್ನ ಉಗ್ರಾಣದಲ್ಲೇ, ಹಾಸಿಗೆಯ ಪಕ್ಕದಲ್ಲೇ ಬೇಯುತ್ತಿತ್ತು.

ಅದೇ ದಿನ ನಾನೂ ಒಂದು ಕೇಳಿದ್ದೆ. ಬಾಗಿಲ ಅಂಚೆಕಿಂಡಿಯ ಮೇಲೆ ಹೆಸರಿಲ್ಲದಿದ್ದರೆ ಇಲ್ಲಿ ಅಂಚೆಯವರು ಕಾಗದ ಹಾಕುವುದಿಲ್ಲ. ನನ್ನ ಹೆಸರನ್ನೂ ಒಂದು ಚೀಟಿಯಲ್ಲಿ ಅಂಟಿಸಲೇ ಎಂದು.

"ಅಯ್ಯೋ, ಕಂಪನಿಯವರು ನೋಡಿದ್ರೆ ನಮ್ಮನ್ನೇ ಖಾಲಿ ಮಾಡಿಸ್ತಾರೆ. ನಿಂಗ್ಯಾರು ಲೆಟರ್ ಬರೀತಾರೆ? ಬೇಕಾದ್ರೆ ಕೇರಾಫ್ ನನ್ ಹೆಸ್ರು ಕೊಡು," ಎಂದಿದ್ದರು ರಘುನಾಥರು, ನಗುತ್ತಲೇ.

ಹದಿನಾಲ್ಕನೆಯ ತಿಂಗಳಿಗೆ ಬೇರೆ ಕೋಣೆಗೆ ಅರ್ಜಿ ಹಾಕಿದೆ. ಬಾಡಿಗೆ ಕಚೇರಿಯ ಹೆಂಗಸು ಕಂಪ್ಯೂಟರು ನೋಡಿ, ದನಿ ತಗ್ಗಿಸಿ ಹೇಳಿದಳು: "ನಿಮ್ಮ ಮೇಲೆ ಪಾವತಿ ಟಿಪ್ಪಣಿ ಇದೆ. ಕಟ್ಟದ ಬಿಲ್ಲು. ಮೂರು ವರ್ಷ ಇರುತ್ತದೆ. ನಾವು ಮನೆ ಕೊಡುವಂತಿಲ್ಲ."

ನನ್ನ ಹಿಂದೆ ಸಾಲಿನಲ್ಲಿದ್ದವರು ನೆಲ ನೋಡಿದರು. ಇಲ್ಲಿಯವರ ಸಭ್ಯತೆ ಅದು.

ಬಿಲ್ಲು ಹಲ್ಲಿನ ಆಸ್ಪತ್ರೆಯದು. ಒಂದು ಹಲ್ಲು ಕೀಳಿಸಿದ್ದೆ. ಬಿಲ್ಲು ಮನೆಗೆ ಬರುತ್ತದೆ ಎಂದಿದ್ದರು. ಬರಲೇ ಇಲ್ಲ. ಬಾರದ ಬಿಲ್ಲನ್ನು ಹುಡುಕಿಕೊಂಡು ಹೋಗಬೇಕಿತ್ತು, ಅದು ನನ್ನ ತಪ್ಪು. ಆಸ್ಪತ್ರೆಗೆ ಹೋದೆ. ಅಲ್ಲಿನ ಕೌಂಟರಿನಾಕೆ ಕಡತ ತೆಗೆದು ಮೂರು ಲಕೋಟೆಗಳನ್ನು ಮುಂದಿಟ್ಟಳು. ಮೂರೂ ವಾಪಸು ಬಂದಿದ್ದವು; ನಾನು ಹೇಳಿದ್ದ ಕೇರಾಫ್ ಯಾವುದರ ಮೇಲೂ ಇರಲಿಲ್ಲ. ಎರಡರ ಮೇಲೆ ಅಂಚೆಯ ಮುದ್ರೆ. ಬೇಸಿಗೆ ರಜೆಯ ಬದಲಿ ಅಂಚೆಯವನು ಮೂರನೆಯದನ್ನು ಹೆಸರು ನೋಡದೆ ಕಿಂಡಿಯೊಳಗೆ ಹಾಕಿರಬೇಕು. ಅದರ ಮೇಲೆ ಸ್ವೀಡಿಷಿನಲ್ಲಿ ಕೈಬರಹ: 'ಇಲ್ಲಿ ವಾಸವಿಲ್ಲ.'

ಹಸಿರು ಇಂಕು. ಕಾಲು ಮುರಿದ ಕುರ್ಚಿ.

"ಇದನ್ನು ಇಟ್ಟುಕೊಳ್ಳಬಹುದೇ?" ಎಂದೆ.

"ನಿಮ್ಮದೇ ತಾನೆ," ಎಂದಳು ಆಕೆ.

ಒಂದೇ ಒಂದು ದಾರಿ ಉಳಿದಿತ್ತು. ಸ್ವಾರ್ತ್‌ಬೆಕೆನ್ ಬಡಾವಣೆಯ ಮುದುಕಿಯೊಬ್ಬಳು ತನ್ನ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುವವಳಿದ್ದಳು. ಕಿಟಕಿಯಿತ್ತು, ಕಿಟಕಿಯಾಚೆ ಸೇಬಿನ ಮರ. ಟಿಪ್ಪಣಿಯ ವಿಷಯ ಹೇಳಿದಾಗ ಅವಳು ಕಾಫಿ ಬಗ್ಗಿಸುವುದನ್ನು ನಿಲ್ಲಿಸಿ ಯೋಚಿಸಿದಳು.

"ಈಗಿನ ಮನೆಯವರು ಒಂದು ಸಾಲು ಬರೆದುಕೊಡಲಿ. ಇಷ್ಟು ತಿಂಗಳು ಇದ್ದಳು, ಬಾಡಿಗೆ ಕೊಟ್ಟಳು ಅಂತ. ಶುಕ್ರವಾರದವರೆಗೆ ಕಾಯುತ್ತೇನೆ."

ಭಾನುವಾರ ಸಂಜೆ ರಘುನಾಥರು ಸೋಫಾದಲ್ಲಿದ್ದರು. ಅವರ ಅಂಗಿಗೆ ಇಸ್ತ್ರಿ ಹಾಕುತ್ತಲೇ ಕೇಳಿದೆ.

"ರೆಫರೆನ್ಸಾ? ತಲೆ ಕೆಟ್ಟಿದ್ಯಾ ನಿಂಗೆ? ನಾನು ಬರ್ದುಕೊಟ್ರೆ ಅದು ಪ್ರೂಫ್ ಆಗುತ್ತೆ. ಆಫೀಷಿಯಲ್ಲಾಗಿ ನೀನು ಇಲ್ಲಿ ಇಲ್ವೇ ಇಲ್ಲ."

"ಒಂದೇ ಸಾಲು ಸರ್. ಬಾಡಿಗೆ ಕೊಟ್ಟಿದೀನಲ್ಲ."

"ಯಾವಾಗ ಕೊಟ್ಟೆ? ರಸೀದಿ ಇದ್ಯಾ?"

ಪದ್ಮಿನಿ ಬಟಾಣಿ ಸುಲಿಯುತ್ತಾ ನಕ್ಕರು. "ಪಾಪ, ಕನ್ನಡದವಳು ಅಂತ ಇಟ್ಕೊಂಡ್ವಿ. ಬೇರೆಯವರಾಗಿದ್ರೆ ಹೆಸ್ರು ಕೇಳಿದ ತಕ್ಷಣ ಬಾಗ್ಲು ಹಾಕ್ತಿದ್ರು."

ನಾನು ಲಕೋಟೆ ತೆಗೆದು ಟೀಪಾಯಿಯ ಮೇಲಿಟ್ಟೆ. ರಘುನಾಥರು ತಮ್ಮ ಬರಹವನ್ನು ನೋಡಿದರು. ಮುಖ ಕೆಂಪಾಗಲಿಲ್ಲ.

"ಏನೀಗ? ಸರಿಯಾಗೇ ಬರ್ದಿದೀನಿ. ಹೇಗೂ ನಿಂಗೆ ಇನ್ನು ಮೂರು ವರ್ಷ ಎಲ್ಲೂ ಮನೆ ಸಿಗಲ್ಲ. ತೆಪ್ಪಗೆ ಬಿದ್ದಿರು. ಇವಳಿಗೆ ಬೆನ್ನುನೋವು, ನಾಳೆಯಿಂದ ಬಟ್ಟೆ ಒಗೆಯೋದೂ ನಿಂದೇ. ಆಮೇಲೆ, ಗುರುವಾರ ಹತ್ತು ಗಂಟೆಗೆ ಕಂಪನಿಯವನು ವೆಂಟಿಲೇಶನ್ ಚೆಕ್ ಮಾಡೋಕೆ ಬರ್ತಾನೆ. ಅಷ್ಟರಲ್ಲಿ ಹಾಸಿಗೆ ಸುತ್ತಿಟ್ಟು ಎಲ್ಲಾದ್ರೂ ಹೋಗು."

ಮರುದಿನ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಫೋನು ಮಾಡಿದೆ. ಪೊರಕೆ ಗೋಡೆಗೆ ಒರಗಿತ್ತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಇರುತ್ತಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ನನ್ನ ಹೆಸರು ಹಿಡಿದು ಕರೆದವರನ್ನು ಬೆರಳು ಮಡಚಿ ಎಣಿಸಬಹುದಿತ್ತು.

"ಉಂಡಿ?" ಎಂದಳು ಅವ್ವ.

"ಉಂಡೀನಿ."

"ದನಿ ಯಾಕ ಹಂಗೈತಿ?"

ಅವಳಿಗೆ ಟಿಪ್ಪಣಿ, ಲಕೋಟೆ ಒಂದೂ ತಿಳಿಯುವಂಥದ್ದಲ್ಲ. ನಾನಿರುವ ಮನೆಯಲ್ಲಿ ನಾನಿಲ್ಲ ಅಂತ ಮಾಲಕ ಬರೆದುಕೊಟ್ಟಿದ್ದಾನೆ ಎಂದಷ್ಟೇ ಹೇಳಿದೆ.

"ಭಾಡ್ಯಾ. ಅವನ ಬಾಯಾಗ ಮಣ್ಣ ಬೀಳ್ಲಿ. ಮತ್ತ ನೀ ಏನಂದಿ?"

"ಏನೂ ಅನ್ಲಿಲ್ಲ."

"ಅದಕ್ಕೇನ ನಿನ್ನ ಅಷ್ಟು ಓದಿಸಿದ್ದು?" ಎಂದಳು. ಅಷ್ಟರಲ್ಲಿ ಫೋನ್ ಕಾರ್ಡಿನ ದುಡ್ಡು ಮುಗಿಯಿತು.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದ ಸೀಸೆಗಳಿಗೆ ಅಂಟಿಸುವ ಒಂದು ಬಿಳಿ ಚೀಟಿ ತಂದೆ. ಆ ಚೀಟಿಯ ಅಂಟು ಆಸಿಡ್ಡಿಗೂ ಬಿಡುವುದಿಲ್ಲ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದು, ಅಂಚೆಕಿಂಡಿಯ ಮೇಲೆ ರಘುನಾಥರ ಹೆಸರಿನ ಪಕ್ಕದಲ್ಲೇ, ಸಮ ಎತ್ತರಕ್ಕೆ ಅಂಟಿಸಿದೆ. ಹೆಬ್ಬೆರಳಿನಿಂದ ಎರಡು ಸಲ ಒತ್ತಿದೆ. ಒಳಗೆ ಬಂದು ಪೆಟ್ಟಿಗೆ ಕಟ್ಟಿದೆ. ಹಾಸಿಗೆ ಮಾತ್ರ ಸುತ್ತಲಿಲ್ಲ.

ರಘುನಾಥರು ಆಫೀಸಿಗೆ ಹೋಗಿದ್ದರು. ಪದ್ಮಿನಿ ನನ್ನನ್ನು ನೋಡಿ ಅಡುಗೆಮನೆಯಿಂದ ಬಂದರು. "ಇನ್ನೂ ಹೋಗಿಲ್ವಾ? ಅವನು ಬರೋ ಹೊತ್ತಾಯ್ತು."

ಬಾಗಿಲ ಗಂಟೆ ಸದ್ದಾಯಿತು. ನಾನೇ ಬಾಗಿಲು ತೆರೆದೆ.

ನೀಲಿ ಮೇಲಂಗಿಯ ನಡುವಯಸ್ಸಿನವನು. ಕೈಯಲ್ಲಿ ಪಟ್ಟಿ. ಬಾಗಿಲನ್ನು ಓದಿದ, ಪಟ್ಟಿಯನ್ನು ಓದಿದ, ಮತ್ತೆ ಬಾಗಿಲನ್ನು ಓದಿದ.

"ಈ ಎರಡನೆಯ ಹೆಸರು ನನ್ನ ಪಟ್ಟಿಯಲ್ಲಿಲ್ಲ," ಎಂದ ಸ್ವೀಡಿಷಿನಲ್ಲಿ. "ಯಾರದು?"

ಹಿಂದಿನಿಂದ ಪದ್ಮಿನಿ ನನ್ನ ತೋಳು ಹಿಡಿದರು. ಹದಿನಾಲ್ಕು ತಿಂಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಗೆಸ್ಟ್ ಅಂತ ಹೇಳು. ನೀರಜಾ, ಪ್ಲೀಸ್. ಅವರು ರೆಫರೆನ್ಸ್ ಕೊಡ್ತಾರೆ, ನಾನು ಕೊಡಿಸ್ತೀನಿ. ಬಾಗ್ಲು ಹಾಕು."

"ಹಾಕಂಗಿಲ್ರಿ," ಎಂದೆ.

ನಂತರ ಅವನ ಕಡೆ ತಿರುಗಿ ಹೇಳಿದೆ: "ನನ್ನದು. ಹದಿನಾಲ್ಕು ತಿಂಗಳಿಂದ ಇಲ್ಲೇ ವಾಸ. ಬನ್ನಿ, ಕೋಣೆ ತೋರಿಸುತ್ತೇನೆ."

ಅವನು ಉಗ್ರಾಣದ ಹೊಸ್ತಿಲಲ್ಲಿ ನಿಂತು ಹಾಸಿಗೆ, ಕುಕ್ಕರು, ಗೋಡೆಯ ಮೇಲಿನ ಗಾಳಿಕಿಂಡಿ ನೋಡಿದ. ನನ್ನ ಪೆಟ್ಟಿಗೆಯನ್ನೂ ನೋಡಿದ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿಲ್ಲ. ಮುದುಕಿ ಹೇಳಿದ್ದ ಶುಕ್ರವಾರ ಮರುದಿನವೇ ಇತ್ತು.

ಮೇಲಂಗಿಯ ಜೇಬಿನಿಂದ ಪೆನ್ನು ತೆಗೆದ.

"ಬರೆದುಕೊಳ್ಳಿ," ಎಂದೆ. "ಹೊನ್ನಪ್ಪ. ಎರಡು ಎನ್, ಎರಡು ಪಿ."

ಅವನು ಕೊನೆಯ ಅಕ್ಷರ ಮುಗಿಸುವವರೆಗೂ ನೋಡುತ್ತಾ ನಿಂತಿದ್ದೆ.