ಅತ್ತೆಯ ಮೆಟ್ಟಿಲಿಗೊಂದು ಕಂಬಿ

ವೆಲ್ಡರನ್ನು ಕರೆಯಲು ನಾನು ಅವನ ಅಂಗಡಿಗೆ ಹೋದದ್ದು ಅದು ಮೂರನೇ ಸಲ. ಮೊದಲ ಎರಡು ಸಲವೂ ಆತ ಯಾರದೋ ಗೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಪ್ಪು ಗಾಜಿನ ಹಿಂದಿನಿಂದಲೇ "ನಾಳೆ ಬರ್ತೀನಿ ಅಕ್ಕಾ" ಅಂದಿದ್ದ. ಅವನ ನಾಳೆ ಯಾವ ಕ್ಯಾಲೆಂಡರಿನಲ್ಲಿದೆಯೋ ದೇವರೇ ಬಲ್ಲ. ಈ ಸಲ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೇಬಿಟ್ಟೆ.

"ನೀವು ಎದ್ದಾಗ ನಾನೂ ಏಳ್ತೀನಿ. ಜೊತೆಗೇ ಹೋಗೋಣ" ಅಂದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಮದುವೆಯಾಗಿ ಬಂದ ವರ್ಷವೇ ಅತ್ತೆ ನನಗೆ ಬೆಂಕಿಕಡ್ಡಿ ಅಂತ ಹೆಸರಿಟ್ಟರು. ಆದರೆ ಆ ದಿನ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ತಿಂಗಳು ಮುಗಿಯಲು ಎಂಟೇ ದಿನ ಉಳಿದಿತ್ತು.

ಎಂಟು ತಿಂಗಳ ಹಿಂದೆ ಅತ್ತೆಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗಾಲು ಹೇಗೋ ಮುಕ್ಕಾಲು ಪಾಲು ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ನಾವಿರುವುದು ಮಹಡಿಯ ಮೇಲೆ. ಕೆಳಗೆ ಬೀದಿಗೆ ಬಾಗಿಲಿರುವ ಕೋಣೆಯಲ್ಲಿ ಅತ್ತೆಯ ಗುಂಡಿ, ದಾರ, ಲೇಸಿನ ಅಂಗಡಿ. ಗುಂಡಿ ಕಿತ್ತುಹೋದ ಅಂಗಿ ತಂದರೆ ಸಾಕು, ಇನ್ನೂರು ಡಬ್ಬಿಗಳ ನಡುವೆ ಅದರ ಜೋಡಿ ಎಲ್ಲಿದೆಯೆಂದು ಅವರಿಗೆ ಗೊತ್ತು. ಆ ಅಂಗಡಿಗೆ ಎಂಟು ತಿಂಗಳಿಂದ ಬೀಗ. ಕೊರಿಯರ್ ಆಫೀಸಿನವನೊಬ್ಬ ಆ ಕೋಣೆಯನ್ನು ಬಾಡಿಗೆಗೆ ಕೇಳುತ್ತ ಬಂದ. ನನ್ನ ಗಂಡ, ಯಾರಿಗೂ ಇಲ್ಲ ಅನ್ನಲು ಬಾಯಿ ಬಾರದ ಪ್ರಾಣಿ, ಅರ್ಧ ಒಪ್ಪಿಕೊಂಡೂಬಿಟ್ಟರು.

ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆ ಅಂದರೆ ಅತ್ತೆ ಕೇಳಬೇಕಲ್ಲ! "ನಾನೇನು ಅಕ್ಕಿ ಮೂಟೆನಾ? ಬೀದಿಯವರೆಲ್ಲ ನಿಂತು ನೋಡ್ಬೇಕಾ? ಈ ತಿಂಗಳೊಳಗೆ ನನ್ನಷ್ಟಕ್ಕೆ ನಾನೇ ಇಳಿದು ಹೋದರೆ ಅಂಗಡಿ ನಂದು. ಆಗದೇ ಇದ್ರೆ ಧಾರಾಳವಾಗಿ ಅವನಿಗೇ ಕೊಡಿ, ನಾನು ಚಕಾರ ಎತ್ತಲ್ಲ."

ಹೊರಗಿನ ಹದಿನಾಲ್ಕು ಮೆಟ್ಟಿಲಿಗೆ ಒಂದು ಕಡೆ ಗೋಡೆ. ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ ಬಿಟ್ಟರೆ ಬಟಾಬಯಲು. ಹಿಡಿದುಕೊಳ್ಳಲು ಏನೂ ಇಲ್ಲ. ಅದಕ್ಕೇ ನನಗೆ ವೆಲ್ಡರ್ ಬೇಕಾಗಿದ್ದು.

ಕೊನೆಗೂ ಬಂದ. ಟೇಪು ಹೊರಗೆ ತೆಗೆಯಲೇ ಇಲ್ಲ. "ದೊಡ್ಡಮ್ಮನ್ನ ಒಂದ್ಸಲ ಕರೀರಿ ಅಕ್ಕಾ, ಕೈ ನೋಡ್ಬೇಕು" ಅಂದ.

"ಕೈ ನೋಡೋಕೆ ನೀವೇನು ಜ್ಯೋತಿಷಿನಾ?"

"ಹಿಡಿಯೋ ಕೈ ನೋಡದೆ ನಾನು ರೇಲಿಂಗ್ ಮಾಡಲ್ಲ. ನನ್ನ ಪದ್ಧತಿ ಅದು."

ಅತ್ತೆ ಆಗಷ್ಟೇ ಮಲಗಿದ್ದರು. ಎಬ್ಬಿಸಿದರೆ ತಲೆ ಬಾಚಬೇಕು, ಸೀರೆ ಸರಿ ಮಾಡಬೇಕು, ಅಷ್ಟರಲ್ಲಿ ಈತ ಇನ್ನೊಂದು ನಾಳೆಗೆ ಹಾರಿಬಿಟ್ಟರೆ? "ನನ್ನ ಕೈಯೇ ನೋಡ್ರಿ. ಎಂಟು ತಿಂಗಳಿಂದ ಅವರನ್ನ ಹಿಡ್ಕೊಂಡು ಓಡಾಡಿಸ್ತಿರೋದು ನಾನೇ. ಅವರಿಗೆ ಏನು ಬೇಕು ಅಂತ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು" ಅಂದೆ. ಅತ್ತೆಯ ಹಾಗೆ ಬಗ್ಗಿ, ಕಾಲೆಳೆಯುತ್ತ, ಹದಿನಾಲ್ಕು ಮೆಟ್ಟಿಲನ್ನೂ ಇಳಿದು ತೋರಿಸಿದೆ. ಬಲಗಡೆ ಕೈ ಚಾಚಿ "ಇಲ್ಲಿ, ಇಷ್ಟೆತ್ತರಕ್ಕೆ" ಅಂದೆ. ಆತ ನನ್ನನ್ನೇ ಎರಡು ಸಲ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ ಮುಚ್ಚಿಕೊಂಡ.

ನಾಲ್ಕನೇ ದಿನ ಬಯಲಿನ ಕಡೆ ಕಂಬಿ ನಿಂತಿತು. ಒಂದು ಬೆಸುಗೆಯ ಗಂಟೂ ಕೈಗೆ ಸಿಗದಷ್ಟು ನುಣುಪು. ಬಣ್ಣ ಒಣಗಿದ ಮೇಲೆ, ವೆಲ್ಡರ್ ಇನ್ನೂ ಅಲ್ಲಿರುವಾಗಲೇ, ಅತ್ತೆಯನ್ನು ಮೆಟ್ಟಿಲ ತಲೆಗೆ ಕರೆದುಕೊಂಡು ಬಂದೆ. ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಮಗುವನ್ನು ಮಲಗಿಸುವ ಹಾಗೆ, ಕಂಬಿಯ ಮೇಲೆ ಇಟ್ಟರು. ಅದು ಒಂದು ಕ್ಷಣ ಅಲ್ಲಿದ್ದು ಜಾರಿ ಕೆಳಗೆ ಬಿತ್ತು.

ನನಗೆ ಆಗ ಹೊಳೆಯಿತು. ಎಂಟು ತಿಂಗಳಿಂದ ನಾನು ನಿಂತದ್ದೆಲ್ಲ ಅವರ ಬಲಗಡೆಯೇ. ಕೈಲಾಗದ ಕಡೆಗೆ ತಾನೇ ಆಸರೆ ಕೊಡುವುದು! ಆದರೆ ನಾನು ಅವರನ್ನು ಹಿಡಿದುಕೊಳ್ಳುತ್ತಿದ್ದೆ. ಕಬ್ಬಿಣವನ್ನು ಅವರೇ ಹಿಡಿದುಕೊಳ್ಳಬೇಕು, ಆ ಬೆರಳುಗಳಿಗೆ ಹಿಡಿಯಲು ಬರುವುದಿಲ್ಲ.

ತಪ್ಪು ನನ್ನದೆಂದು ಗೊತ್ತಾದ ಕೂಡಲೇ ನನಗೆ ಇನ್ನೊಬ್ಬರ ಮೇಲೆ ರೇಗುತ್ತದೆ. "ನಾನು ಹೇಳಿದೆ ಸರಿ, ನಿಮಗಾದರೂ ಬುದ್ಧಿ ಬೇಡ್ವಾ? ಕೇಳ್ಬಾರದಿತ್ತಾ?" ಎಂದು ವೆಲ್ಡರನ ಮೇಲೆ ಹರಿಹಾಯ್ದೆ.

"ಕೇಳಿದೆನಲ್ಲ ಅಕ್ಕಾ. ಅವರ ಕೈ ತೋರಿಸಿ ಅಂದೆ. ನಿಮ್ಮದು ತೋರಿಸಿದ್ರಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡಪ್ಪಾ, ನನ್ನ ಸೊಸೆ ನನ್ನ ನೋಡ್ಕೊಂಡು ನೋಡ್ಕೊಂಡು ತಾನೇ ನಾನು ಅಂತ ತಿಳ್ಕೊಂಡುಬಿಟ್ಟಿದ್ದಾಳೆ."

ನಾನು ನಗಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಉಳಿದದ್ದು ನಾಲ್ಕು ದಿನ. ನನ್ನ ಆತುರದಿಂದ ಅತ್ತೆಯ ಅಂಗಡಿ ಹೋಯಿತಲ್ಲ!

ಹೊರಗೆ ಬಂದಾಗ ಅವರಿಬ್ಬರೂ ಮೇಲಿನ ಮೆಟ್ಟಿಲಲ್ಲಿ ಅಕ್ಕಪಕ್ಕ ಕೂತಿದ್ದರು. ವೆಲ್ಡರ್ ಬೇರೆ ಬೇರೆ ದಪ್ಪದ ಮೂರು ಪೈಪಿನ ತುಂಡುಗಳನ್ನು ಒಂದೊಂದಾಗಿ ಅತ್ತೆಯ ಎಡಗೈಗೆ ಕೊಟ್ಟು, "ಬಿಗಿಯಾಗಿ ಹಿಡೀರಿ ದೊಡ್ಡಮ್ಮ, ನಾನು ಎಳೀತೀನಿ" ಅನ್ನುತ್ತಿದ್ದ. ಎಲ್ಲಕ್ಕಿಂತ ಸಣ್ಣದನ್ನು ಅತ್ತೆ ಬಿಡಲೇ ಇಲ್ಲ.

"ಹಾಕಿದ್ದನ್ನ ಕಿತ್ತು ಗೋಡೆ ಕಡೆ ಹಾಕಿಬಿಡ್ಲಾ?" ಎಂದು ಆತ ಕೇಳಿದ.

"ಬೇಡಪ್ಪಾ. ಹತ್ತುವಾಗ ಅದು ನನ್ನ ಎಡಕ್ಕೇ ಬರುತ್ತಲ್ಲ. ಇಳಿಯೋಕೆ ಇನ್ನೊಂದು ಮಾಡಿಕೊಡು" ಅಂದರು ಅತ್ತೆ. ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಅಷ್ಟು ಸಣ್ಣ ಪೈಪು ಅವನ ಹತ್ತಿರ ಉದ್ದಕ್ಕೆ ಇರಲಿಲ್ಲ, ತರಿಸಲು ವಾರ ಬೇಕು ಅಂದ. ಮರುದಿನ ನಾನು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಲು, ಅಂದರೆ ಜಗಳ ತೆಗೆಯಲು, ಅವನ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಸುತ್ತಿಗೆ, ಇಕ್ಕಳ, ಕಟರುಗಳನ್ನು ನೇತುಹಾಕುತ್ತಿದ್ದ ಸಣ್ಣ ಪೈಪು ಅಲ್ಲಿರಲಿಲ್ಲ. ಉಪಕರಣಗಳೆಲ್ಲ ನೆಲದ ಮೇಲೆ ಗುಡ್ಡೆ ಬಿದ್ದಿದ್ದವು. ಆತ ಆ ಪೈಪನ್ನೇ ಬೆಂಚಿನ ಮೇಲಿಟ್ಟು, ಕೊಕ್ಕೆಗಳನ್ನು ಕತ್ತರಿಸಿ, ಗ್ರೈಂಡರಿನಿಂದ ಗುರುತೂ ಕಾಣದ ಹಾಗೆ ಉಜ್ಜುತ್ತಿದ್ದ. ತಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ.

"ಚಹಾ ಕುಡೀತೀರಾ?" ಅಂದೆ.

ತಿಂಗಳ ಕೊನೆಯ ದಿನ ಬೆಳಗ್ಗೆ ಗೋಡೆಯ ಕಂಬಿ ಸಿದ್ಧವಾಯಿತು. ಅತ್ತೆ ನನ್ನನ್ನು ಕೆಳಗೆ ನಿಲ್ಲಿಸಿದರು. "ನೀನು ಕೈ ಚಾಚಿದ್ರೆ ಅಲ್ಲೇ ವಾಪಸ್ ಹೋಗ್ತೀನಿ, ನೆನಪಿಟ್ಕೋ." ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಎಡಗೈ ಮುಂದೆ, ಬಲಗಾಲು ಕೆಳಗೆ, ಆಮೇಲೆ ಎಡಗಾಲು. ಹೀಗೆ ಒಂಬತ್ತು ಮೆಟ್ಟಿಲು. ಹತ್ತನೆಯದಕ್ಕೆ ಬಲಗಾಲು ನಡುಗಿತು. ನಾನು ಮುನ್ನುಗ್ಗಿದೆ. ವೆಲ್ಡರ್ ತನ್ನ ತೋಳನ್ನು ನನ್ನ ಎದುರು ಗೇಟಿನಂತೆ ಅಡ್ಡ ಹಿಡಿದು, "ಸುಮ್ನಿರಿ ಅಕ್ಕಾ, ಅವರು ಹಿಡ್ಕೊಂಡಿದ್ದಾರೆ" ಅಂದ. ಅತ್ತೆ ಉಸಿರು ತೆಗೆದುಕೊಂಡರು. ಹತ್ತು. ಹನ್ನೊಂದು. ಹದಿನಾಲ್ಕಕ್ಕೆ ಅವರು ನೆಲ ಮುಟ್ಟಿದಾಗ ಅತ್ತದ್ದು ಅವರಲ್ಲ, ನಾನು. ಬೀದಿಯಲ್ಲೇ, ಮುಸುಮುಸು ಅಂತಲ್ಲ, ಗೊಳೋ ಎಂದು.

ಅಂಗಡಿ ತೆರೆದು ಧೂಳು ಹೊಡೆದೆವು. ಹನ್ನೊಂದು ಗಂಟೆಗೆ ಕೊರಿಯರಿನವನು ಬಂದಾಗ ಅತ್ತೆ ಕುರ್ಚಿಯಿಂದಲೇ "ಯಾವ ಗುಂಡಿ ಬೇಕಪ್ಪಾ?" ಅಂದರು. ಅವನು ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡು ಬಂದ ದಾರಿಗೆ ಸುಂಕವಿಲ್ಲದೆ ಹೋದ.

ಮಧ್ಯಾಹ್ನ ಊಟಕ್ಕೆ ಮೇಲೆ ಹೊರಟೆವು. ಅತ್ತೆ ಎಡಗೈಯಿಂದ ಮೊದಲಿನ ಕಂಬಿ ಹಿಡಿದು ತಾವೇ ಹತ್ತತೊಡಗಿದರು. ನಾನು ಎರಡು ಮೆಟ್ಟಿಲು ಹಿಂದೆ. ನಾನೇ ಬಯಸಿದ್ದು, ನಾನೇ ಓಡಾಡಿ ಮಾಡಿಸಿದ್ದು, ಆದರೂ ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಸಂತೋಷದ ದಿನ ಇದೆಂಥ ಹಾಳು ಸಂಕಟ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅರ್ಧದಲ್ಲಿ ಅತ್ತೆ ನಿಂತರು. "ಕಳ್ಳನ ಹಾಗೆ ಹಿಂದೆ ಹಿಂದೆ ಯಾಕೆ ಬರ್ತೀಯೇ? ಪಕ್ಕಕ್ಕೆ ಬಾ."

"ಕೈ ಹಿಡೀಬೇಡ ಅಂದ್ರಲ್ಲ."

"ಬೀಳ್ತೀನಿ ಅಂತ ಹಿಡೀಬೇಡ ಅಂದೆ. ಸುಮ್ಮನೆ ಹಿಡ್ಕೊಳ್ಳೋಕೆ ನಿನಗೇನು ಧಾಡಿ?"

ನಾನು ಹತ್ತಿ ಅವರ ಬಲಕ್ಕೆ ನಿಂತೆ. ಆ ಬೆರಳುಗಳಿಗೆ ಮಡಚಲು ಬರುವುದಿಲ್ಲವಲ್ಲ, ನಾನೇ ಒಂದೊಂದಾಗಿ ನನ್ನ ಕೈಯೊಳಗೆ ಮಡಚಿಕೊಂಡೆ.